ಕಲೂವಾ ಕಾಫಿ ಲಿಕರ್: ತೆರೆದ ಬಾಟಲಿ ಬೆಂಗಳೂರಿನ ಮನೆಯಲ್ಲಿ ಎಷ್ಟು ದಿನ ಬಾಳುತ್ತದೆ?

ನಮ್ಮ ಮನೆಯಲ್ಲಿ ಕುಡಿಯುವವರು ಕಡಿಮೆ, ಬಾಟಲಿ ಜಾಸ್ತಿ. ವಿದೇಶದಿಂದ ಬರುವ ನೆಂಟರು ಡ್ಯೂಟಿ ಫ್ರೀಯಿಂದ ಏನಾದರೊಂದು ಹಿಡಿದುಕೊಂಡೇ ಬರುತ್ತಾರೆ. ಒಬ್ಬರು ಎರಡು ಲೀಟರ್ ತರಬಹುದಲ್ಲ, ಅದರಲ್ಲಿ ಒಂದು ಲೀಟರ್ ವಿಸ್ಕಿ ನಮ್ಮನೆಯವರಿಗೆ. ಇನ್ನೊಂದು ಲೀಟರ್ ಕಲೂವಾ, "ನಿಮಗೆ ಸಿಹಿ ಇಷ್ಟ ಅಲ್ವಾ ಅತ್ತಿಗೆ" ಅಂತ ನನಗೆ. ಹೀಗಾಗಿ ಎಷ್ಟೋ ವರ್ಷಗಳಿಂದ ನಮ್ಮ ಬೀರುವಿನಲ್ಲಿ ಒಂದು ಕಲೂವಾ ಬಾಟಲಿ ಇದ್ದೇ ಇರುತ್ತದೆ. ಒಂದು ಲೀಟರ್ ಅಂದರೆ 30 ಮಿಲಿಯ ಸಣ್ಣ ಪೆಗ್ ಲೆಕ್ಕದಲ್ಲಿ 33 ಪೆಗ್. ಭಾನುವಾರ ಐಸ್‌ಕ್ರೀಮಿನ ಮೇಲೆ ಒಂದಿಷ್ಟು, ಸ್ನೇಹಿತರು ಬಂದಾಗ ಒಂದಿಷ್ಟು ಅಂತ ಬಳಸುವವರಿಗೆ ಅದು ಮುಗಿಯುವಷ್ಟರಲ್ಲಿ ವರ್ಷ ದಾಟಿರುತ್ತದೆ. ಹಾಗಾಗಿ ರುಚಿಗಿಂತ ಅದನ್ನು ಇಟ್ಟುಕೊಳ್ಳುವ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ರುಚಿಯ ವಿಷಯ ಬೇಗ ಮುಗಿಸುತ್ತೇನೆ. 1936ರಲ್ಲಿ ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಶುರುವಾದ ಲಿಕರ್, ಅಂದರೆ ಸಿಹಿ ಬೆರೆಸಿದ ಮದ್ಯ ಇದು. ಕಬ್ಬಿನಿಂದ ಮಾಡಿದ ರಮ್, ಅರೇಬಿಕಾ ಕಾಫಿ, ಸಕ್ಕರೆ, ವೆನಿಲ್ಲಾ. ಕಾಫಿಗಿಂತ ಸಿಹಿ ಒಂದು ಕೈ ಮುಂದೆ. ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ ಕುಡಿದು ಬೆಳೆದವರಿಗೆ ಮೊದಲ ಗುಟುಕು ಸ್ವಲ್ಪ ಮಿಠಾಯಿ ತಿಂದ ಹಾಗೆ ಅನಿಸಬಹುದು. ಸುಮ್ನೆ ಕುಡಿಯುವುದಕ್ಕಿಂತ ಹಾಲಿನ ಜೊತೆ, ಐಸ್ ಜೊತೆ, ವೋಡ್ಕಾ ಜೊತೆ ಚೆನ್ನಾಗಿ ಹೊಂದುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಬಾಟಲಿಯ ಮೇಲೆ ಎಕ್ಸ್‌ಪೈರಿ ಡೇಟ್ ಯಾಕಿಲ್ಲ? ಆಹಾರದ ಲೇಬಲ್‌ಗಳಿಗೆ ಕೋಡೆಕ್ಸ್ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲೇ 10% ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯಗಳಿಗೆ ಆ ದಿನಾಂಕದಿಂದ ವಿನಾಯಿತಿ ಇದೆ. ಅಷ್ಟು ಆಲ್ಕೋಹಾಲ್ ಇದ್ದ ಕಡೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಕಲೂವಾದಲ್ಲಿ ಅದರ ಜೊತೆಗೆ ರಾಶಿ ಸಕ್ಕರೆಯೂ ಇದೆ. ಜಾಮು, ಮುರಬ್ಬ ಯಾಕೆ ತಿಂಗಳುಗಟ್ಟಲೆ ಕೆಡುವುದಿಲ್ಲವೋ ಇಲ್ಲಿ ಸಕ್ಕರೆ ಮಾಡುವುದೂ ಅದೇ ಕೆಲಸ: ನೀರನ್ನು ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಸಿಗದ ಹಾಗೆ ಮಾಡುತ್ತದೆ. ಒಂದು ವಿಷಯ ಗಮನಿಸಿ. ಈ ಬಾಟಲಿಗಳಲ್ಲಿ ಬಹಳ ಕಾಲ 20% ಆಲ್ಕೋಹಾಲ್ ಇರುತ್ತಿತ್ತು. ಈಗ ಅಮೆರಿಕದಂಥ ಕೆಲವು ಮಾರುಕಟ್ಟೆಗಳಲ್ಲಿ ಸಿಗುವುದು 16%. ತಂದವರು ಯಾವ ದೇಶದಿಂದ ತಂದರೋ ಅದರ ಮೇಲೆ ಹೋಗುತ್ತದೆ. ಲೇಬಲ್ ತಿರುಗಿಸಿ ನೋಡಿಕೊಳ್ಳಿ. 16%ನದು ಇದ್ದರೆ ತೆರೆದ ಮೇಲೆ ನಾನು ಫ್ರಿಜ್ಜಿಗೇ ಹಾಕುತ್ತೇನೆ.

ಅಂದರೆ ಕೆಡುವುದೇ ಇಲ್ವಾ? ವಿಷ ಆಗುವುದಿಲ್ಲ, ಆದರೆ ಮಂಕಾಗುತ್ತದೆ. ಬಾಟಲಿಯೊಳಗಿನ ರಮ್ಮಿಗೆ ವಯಸ್ಸಾಗುವ ಭಯ ಇಲ್ಲ, ಕಾಫಿಗೆ ಇದೆ. ಅಂಗಡಿಯಿಂದ ಹೊಸದಾಗಿ ಪುಡಿ ಮಾಡಿಸಿ ತಂದ ಕಾಫಿ ಮೊದಲ ವಾರ ಬೀದಿ ತುಂಬ ಘಮ್ಮನೆ ಬರುತ್ತದೆ, ತಿಂಗಳಾದ ಮೇಲೆ ಡಬ್ಬಿ ತೆಗೆದರೂ ಮೂಗಿಗೆ ಏನೂ ಸಿಗುವುದಿಲ್ಲ. ಪುಡಿ ಕೆಟ್ಟಿಲ್ಲ, ಆದರೆ ಅದರಲ್ಲಿ ಕಾಫಿಯೂ ಉಳಿದಿಲ್ಲ. ಲಿಕರ್‌ನಲ್ಲಿ ಇದೇ ತುಂಬ ನಿಧಾನವಾಗಿ ನಡೆಯುತ್ತದೆ. ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಆ ಗಾಳಿಯ ಆಮ್ಲಜನಕ ಕಾಫಿಯ ಘಮವನ್ನು ತಿನ್ನುತ್ತಾ ಹೋಗುತ್ತದೆ. ಬಿಸಿ, ಬೆಳಕು ಇದ್ದರೆ ಇನ್ನೂ ಬೇಗ.

ನನ್ನ ಅನುಭವದಲ್ಲಿ ತೆರೆದ ಬಾಟಲಿ ಒಂದು ವರ್ಷ ಆರಾಮಾಗಿರುತ್ತದೆ. ಒಂದೂವರೆ ವರ್ಷ ಆಗುವಷ್ಟರಲ್ಲಿ ಸಿಹಿ ಮುಂದೆ ಬಂದು ಕಾಫಿ ಹಿಂದೆ ಸರಿದಿರುತ್ತದೆ. ಅದನ್ನೇ ದಿನಾ ಕುಡಿಯುವವರಿಗೆ ಗೊತ್ತೇ ಆಗುವುದಿಲ್ಲ, ನಾಲಿಗೆಗೂ ಅಭ್ಯಾಸವಾಗಿರುತ್ತದೆ. ಹೊಸ ಬಾಟಲಿ ತೆರೆದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಾನು ಎರಡು ಬಿಳಿ ಸಾಸರಿಗೆ ಒಂದೊಂದು ಚಮಚ ಹಾಕುತ್ತೇನೆ. ಸಾಸರನ್ನು ಓರೆ ಮಾಡಿದರೆ ಹೊಸದು ಕೆಂಪು ಬೆರೆತ ಕಂದು ಬಣ್ಣದಲ್ಲಿ ಅಂಚಿಗೆ ಹರಿಯುತ್ತದೆ, ಮೂಗು ಹತ್ತಿರ ತಂದರೆ ಮೊದಲು ಹುರಿದ ಬೀಜ, ಆಮೇಲೆ ವೆನಿಲ್ಲಾ. ಹಳೆಯದರಲ್ಲಿ ಬಣ್ಣ ಹೆಚ್ಚುಕಡಿಮೆ ಅದೇ, ಆದರೆ ಮೂಗಿಗೆ ಮೊದಲು ಸಿಗುವುದು ಸುಟ್ಟ ಸಕ್ಕರೆಯ ಪಾಕ. ಬಾಯಿಗೆ ಹಾಕಿದರೆ ಕೊನೆಯಲ್ಲಿ ಬರಬೇಕಾದ ಆ ಸಣ್ಣ ಕಹಿ ಇರುವುದಿಲ್ಲ.

ನಿಜವಾಗಿಯೂ ಚೆಲ್ಲಬೇಕಾದ ಬಾಟಲಿ ಹೇಗಿರುತ್ತದೆ ಅಂದರೆ: ಹುಳಿ ವಾಸನೆ, ಮುಚ್ಚಳ ತೆಗೆದಾಗ ಪುಸ್ ಅನ್ನುವ ಗಾಳಿ, ಕುತ್ತಿಗೆಯ ಒಳಗೆ ಬೂಸ್ಟು. ಇವುಗಳಲ್ಲಿ ಒಂದು ಕಂಡರೂ ರುಚಿ ನೋಡಲು ಹೋಗಬೇಡಿ, ಸಿಂಕಿಗೆ ಸುರಿಯಿರಿ. ಅಂಗಡಿಯ ಕಲೂವಾದಲ್ಲಿ ನನಗೆ ಇದು ಕಂಡಿಲ್ಲ.

ಇನ್ನು ಕೆಲವನ್ನು ನೋಡಿ ಜನ ಸುಮ್ನೆ ಹೆದರುತ್ತಾರೆ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ದರೆ ಅದು ಬೂಸ್ಟು ಅಲ್ಲ, ಸಕ್ಕರೆ. ಉಗುರಿನಿಂದ ಕೆರೆದರೆ ಕರಕರ ಅನ್ನುತ್ತದೆ, ಬಿಸಿನೀರಿಗೆ ಕರಗುತ್ತದೆ. ಬೂಸ್ಟು ಮೆತ್ತಗೆ, ನೂಲು ನೂಲಾಗಿ ಇರುತ್ತದೆ, ಕರಗುವುದಿಲ್ಲ. ತಳದಲ್ಲಿ ಕೂತ ಸ್ವಲ್ಪ ಕಪ್ಪು ಗಷ್ಟು ಕೂಡ ಕಾಫಿಯದೇ. ಅಲ್ಲಾಡಿಸಿದರೆ ಬೆರೆತು ಹೋಗುತ್ತದೆ.

ಸಕ್ಕರೆ ಅಂದ ಮೇಲೆ ಇರುವೆ ಬರಲೇಬೇಕಲ್ಲ. ಈ ಬಾಟಲಿಯ ನಿಜವಾದ ಶತ್ರು ಅದೇ ಅಂತ ನನ್ನ ಅಭಿಪ್ರಾಯ. ಸುರಿದ ಮೇಲೆ ಬಾಯಿಯಲ್ಲಿ ಉಳಿದ ಒಂದು ಹನಿ ಸಾಕು, ಬೆಳಗ್ಗೆ ಎದ್ದರೆ ಬೀರುವಿನ ಸಂದಿಯಿಂದ ಬಾಟಲಿಯ ಕುತ್ತಿಗೆವರೆಗೆ ಸಾಲು. ಬಾಟಲಿಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುವ ಹಳೇ ಉಪಾಯ ಬೀರುವಿನಲ್ಲಿ ನಡೆಯುವುದಿಲ್ಲ. ನಾನು ಮಾಡುವುದಿಷ್ಟೇ: ಸುರಿದ ಕೂಡಲೇ ಬಾಯಿಯನ್ನೂ ಮುಚ್ಚಳದ ಒಳಗಿನ ಎಳೆಗಳನ್ನೂ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಇದರಿಂದ ಇನ್ನೊಂದು ಲಾಭ ಇದೆ. ಒರೆಸದೆ ಬಿಟ್ಟರೆ ಸಕ್ಕರೆ ಒಣಗಿ ಮುಚ್ಚಳ ಅಂಟಿ ಕೂರುತ್ತದೆ, ಅಥವಾ ಸರಿಯಾಗಿ ಕೂರದೆ ಗಾಳಿ ಒಳಗೆ ಹೋಗುತ್ತಾ ಇರುತ್ತದೆ. ಅಂಟಿದ ಮುಚ್ಚಳವನ್ನು ಇಕ್ಕಳದಲ್ಲಿ ತಿರುಚಬೇಡಿ. ತಲೆಕೆಳಗು ಮಾಡಿ ಮುಚ್ಚಳವನ್ನಷ್ಟೇ ಬಿಸಿನೀರಲ್ಲಿ ಎರಡು ನಿಮಿಷ ಹಿಡಿಯಿರಿ, ತಾನೇ ಸಡಿಲವಾಗುತ್ತದೆ. ಬಾರ್‌ಗಳಲ್ಲಿ ಇಡುವ ಹಾಗೆ ಬಾಯಿಗೆ ಸುರಿಯುವ ಕೊಳವೆ ಸಿಕ್ಕಿಸಿ ಬಿಡಬೇಡಿ. ನೋಡಲು ಚೆನ್ನ, ಆದರೆ ಬಾಳೆಹಣ್ಣಿಗೆ ಬರುವ ಸಣ್ಣ ನೊಣಗಳಿಗೆ ಅದು ತೆರೆದ ಬಾಗಿಲು.

ಎಲ್ಲಿ ಇಡಬೇಕು? ಒಲೆಯ ಮೇಲಿನ ಕಪಾಟಿನಲ್ಲಿ ಬೇಡ. ಶೋಕೇಸಿನಲ್ಲಿ ಬಿಸಿಲು ಬೀಳುವ ಕಡೆಯೂ ಬೇಡ. ಮಲಗುವ ಕೋಣೆಯ ಬೀರುವಿನ ಕೆಳಗಿನ ಅರೆ ಸಾಕು, ಕತ್ತಲೆ ಇರುತ್ತದೆ, ತಣ್ಣಗೂ ಇರುತ್ತದೆ. ಬಾಟಲಿ ನೆಟ್ಟಗೆ ನಿಂತಿರಬೇಕು. ವೈನಿನ ಹಾಗೆ ಮಲಗಿಸಿದರೆ ಮುಚ್ಚಳದ ಒಳಪದರಕ್ಕೆ ಸಕ್ಕರೆ ಹಿಡಿಯುತ್ತದೆ. 20%ನದಕ್ಕೆ ಫ್ರಿಜ್ ಬೇಕೇ ಬೇಕು ಅಂತಿಲ್ಲ, ಆದರೆ ಬೇಸಿಗೆಯಲ್ಲಿ ನಾನು ಅದನ್ನೂ ಒಳಗಿಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತ್ತು, ಇನ್ನು ರಾಯಚೂರು, ಕಲಬುರಗಿಯವರಿಗೆ ಹೇಳುವುದೇ ಬೇಡ. ಅಲ್ಲಿಯವರು ವರ್ಷ ಪೂರ್ತಿ ಫ್ರಿಜ್ಜಿನಲ್ಲೇ ಇಡುವುದು ಒಳ್ಳೆಯದು. ಫ್ರೀಜರ್ ಬೇಡ, ಅಲ್ಲಿ ಕಾಕಂಬಿಯಂತೆ ಮಂದವಾಗುತ್ತದೆ, ವಾಸನೆಯೂ ಮುದುಡುತ್ತದೆ.

ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಸಣ್ಣ ಬಾಟಲಿಗೆ ಬದಲಾಯಿಸಿ. ಇದಕ್ಕೆ 180 ಮಿಲಿಯ ಗಾಜಿನ ಕ್ವಾರ್ಟರ್ ಬಾಟಲಿಗಿಂತ ಒಳ್ಳೆಯದು ಇಲ್ಲ. ಚೆನ್ನಾಗಿ ತೊಳೆದು, ಬಿಸಿನೀರು ಹಾಕಿ, ಪೂರ್ತಿ ಒಣಗಿಸಿ, ಕತ್ತಿನವರೆಗೆ ತುಂಬಿಸಿ. ಒಳಗೆ ಗಾಳಿಗೆ ಜಾಗವೇ ಇರಬಾರದು. ಮೇಲೆ ಚೀಟಿ ಅಂಟಿಸುವುದು ಕಡ್ಡಾಯ: ಏನು, ತೆರೆದ ತಿಂಗಳು ಯಾವುದು. ಚೀಟಿ ಇಲ್ಲದ ಕಂದು ದ್ರವ, ಸಿಹಿ ವಾಸನೆ. ಮಕ್ಕಳಿಗೆ ಅದು ಚಾಕೊಲೇಟ್ ಸಿರಪ್, ಅಜ್ಜಿಗೆ ಕೆಮ್ಮಿನ ಔಷಧಿ. ಮಕ್ಕಳಿರುವ ಮನೆಯಲ್ಲಿ ಬೀರುವಿಗೆ ಬೀಗ ಹಾಕಿ.

ಇಷ್ಟೆಲ್ಲ ಹೇಳಿದ್ದು ಕೆನೆ ಇಲ್ಲದ ಲಿಕರ್‌ಗೆ ಮಾತ್ರ. ಬೇಲೀಸ್‌ನಂಥ ಕ್ರೀಮ್ ಲಿಕರ್ ಬೇರೆ ಜಾತಿ. ಅದರಲ್ಲಿ 17% ಆಲ್ಕೋಹಾಲ್ ಇದ್ದರೂ ಹಾಲಿನ ಕೆನೆ ಇದೆ. ತೆರೆದಿರಲಿ ಬಿಡಲಿ, ತಯಾರಾದ ದಿನದಿಂದ ಎರಡು ವರ್ಷ, ಅದೂ 0ರಿಂದ 25 ಡಿಗ್ರಿಯೊಳಗೆ ಇಟ್ಟರೆ ಅಂತ ಕಂಪನಿಯೇ ಹೇಳುತ್ತದೆ. ನಮ್ಮ ಬೇಸಿಗೆಗೆ 25 ಡಿಗ್ರಿ ಎಲ್ಲಿ ಸಾಲುತ್ತದೆ? ಹಾಗಾಗಿ ಅದಕ್ಕೆ ಫ್ರಿಜ್ಜೇ ಗತಿ, ದಿನಾಂಕವನ್ನೂ ಮೀರಬಾರದು. ಸುರಿದಾಗ ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ಬಿದ್ದರೆ, ಮೊಸರಿನ ಹುಳಿ ಬಂದರೆ ಕತೆ ಮುಗಿಯಿತು. ಆದರೆ ಒಳ್ಳೆಯ ಕ್ರೀಮ್ ಲಿಕರ್‌ಗೂ ನಿಂಬೆರಸ ಬಿದ್ದರೆ ಒಡೆಯುತ್ತದೆ. ಅದಕ್ಕೆ ಬಾಟಲಿಯನ್ನು ಬಯ್ಯಬೇಡಿ.

ಮನೆಯಲ್ಲಿ ಮಾಡಿದ್ದಕ್ಕೂ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ. ಮೂಡಿಗೆರೆ ಕಡೆಯ ಪರಿಚಯದವರೊಬ್ಬರು ತೋಟದ ಕಾಫಿ ಹಾಕಿ ಮಾಡಿ ಕೊಟ್ಟಿದ್ದರು. ಪರಿಮಳ ಕಲೂವಾಗಿಂತ ಎಷ್ಟೋ ಮೇಲು, ಸುಳ್ಳಲ್ಲ. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಮುಚ್ಚಳ ತೆಗೆದರೆ ಪುಸ್ ಅಂದಿತು. ಕೇಳಿದರೆ, "ಅರ್ಧ ಬಾಟಲಿ ರಮ್ಮು, ಒಂದು ಲೀಟರ್ ಡಿಕಾಕ್ಷನ್ ಪಾಕ ಹಾಕಿದ್ದೆ ಕಣಮ್ಮ" ಅಂದರು. ಲೆಕ್ಕ ಹಾಕಿ ನೋಡಿ. ಓಲ್ಡ್ ಮಾಂಕ್‌ನಂಥ 42.8% ರಮ್ಮು 375 ಮಿಲಿ ಅಂದರೆ 160 ಮಿಲಿ ಆಲ್ಕೋಹಾಲ್. ಅದನ್ನು ಒಟ್ಟು 1375 ಮಿಲಿಗೆ ಹಂಚಿದರೆ 12% ಕೂಡ ಆಗಲಿಲ್ಲ. ಸಕ್ಕರೆಯನ್ನು ಹುದುಗಿಸಿ ಗಾಳಿ ಎಬ್ಬಿಸುವ ಯೀಸ್ಟಿಗೆ ಅಷ್ಟು ತಡೆದುಕೊಳ್ಳುವುದು ದೊಡ್ಡ ವಿಷಯವಲ್ಲ. ರಮ್ಮೂ ಪಾಕವೂ ಸಮಸಮ ಹಾಕಿದರೆ 21% ಹತ್ತಿರ ಬರುತ್ತದೆ, ಆಗ ನೆಮ್ಮದಿ. ಚಿಕೋರಿ ಇಲ್ಲದ ಪುಡಿಯನ್ನೇ ಹಾಕಿ, ಬಟ್ಟೆಯಲ್ಲಿ ಎರಡು ಸಲ ಸೋಸಿ. ಚಿಕೋರಿ ಇದ್ದರೆ ತಳದಲ್ಲಿ ಕೆಸರು ಕೂರುತ್ತದೆ.

ಸಿಡ್ನಿಯಿಂದ ತಮ್ಮ ತರುವ ಮಿಸ್ಟರ್ ಬ್ಲ್ಯಾಕ್ ಅನ್ನುವ ಇನ್ನೊಂದು ಕಾಫಿ ಲಿಕರ್ ಕೂಡ ಹೀಗೇ ಇಟ್ಟು ನೋಡಿದ್ದೇನೆ. ಅದು 23%, ಸಿಹಿ ಕಡಿಮೆ, ಕಾಫಿ ಜೋರು. ಕುಡಿಯಲು ನನಗೆ ಅದೇ ಇಷ್ಟ. ಆದರೆ ಕಾಫಿಯೇ ಅದರ ಬಂಡವಾಳ ಆದ್ದರಿಂದ ಮಂಕಾದದ್ದು ಬೇಗ ಗೊತ್ತಾಗುತ್ತದೆ. ಕಲೂವಾದ ಸಿಹಿ ಎಷ್ಟೋ ಮುಚ್ಚಿಹಾಕುತ್ತದೆ. ಬೀರುವಿನಲ್ಲಿ ಇಟ್ಟು ಮರೆಯುವವರಿಗೆ ಕಲೂವಾ, ಎರಡು ಮೂರು ತಿಂಗಳಲ್ಲಿ ಮುಗಿಸುವವರಿಗೆ ಮಿಸ್ಟರ್ ಬ್ಲ್ಯಾಕ್.

ಮಂಕಾದ ಕಲೂವಾವನ್ನು ನಾನು ಚೆಲ್ಲುವುದಿಲ್ಲ. ಟಿರಾಮಿಸು ಅನ್ನುವ ಇಟಲಿಯ ಸಿಹಿತಿನಿಸಿಗೆ ಬಿಸ್ಕತ್ತು ಅದ್ದುವಾಗ ಗಟ್ಟಿ ಡಿಕಾಕ್ಷನ್ ಜೊತೆ ಬೆರೆಸುತ್ತೇನೆ, ಹೋದ ಕಾಫಿ ಅಲ್ಲಿ ವಾಪಸ್ ಬರುತ್ತದೆ. ಬ್ರೌನಿ ಹಿಟ್ಟಿಗೆ ಎರಡು ಚಮಚ ಹಾಕಿದರೂ ಸರಿ. ಬೇಯಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ, ಮಕ್ಕಳ ಪಾಲಿನದನ್ನು ಬೇರೆಯೇ ಮಾಡಿ. ಮುಂದಿನ ಸಲ ಏನು ತರಲಿ ಅಂತ ಮೈದುನ ಕೇಳಿದರೆ ಚಿಕ್ಕ ಬಾಟಲಿ ಸಿಕ್ಕರೆ ಅದನ್ನೇ ತಾ ಅನ್ನುತ್ತೇನೆ. ಅವನು ಮಾತ್ರ ಆಫರ್ ಇತ್ತು ಅತ್ತಿಗೆ ಅಂತ ಒಂದು ಲೀಟರಿನದನ್ನೇ ತರುತ್ತಾನೆ.