ಎಂಟು ಹೊಸ ಕೈ, 64 ಪುಟ: ಮಲೆನಾಡಿನ ಸೂಪರ್‌ಹೀರೋ ಸಂಕಲನ ಹೇಗಿದೆ?

ಈ ಕಾಮಿಕ್ಸ್ ಸಂಕಲನ ಕೈಗೆ ಸಿಕ್ಕರೆ ಮೊದಲು ಐದನೇ ಪುಟ ತೆರೆಯಿರಿ. ಮೇಲಿನಿಂದ ಕೆಳಗಿನವರೆಗೆ ನಾಲ್ಕು ಉದ್ದನೆಯ ಪ್ಯಾನೆಲ್, ಅಂದರೆ ಚಿತ್ರದ ಚೌಕಟ್ಟು. ನಡುವೆ ಬಿಳಿ ಸಂದು ಇಲ್ಲ, ಅಡಿಕೆ ಮರಗಳೇ ಗೆರೆಯಾಗಿ ನಿಂತಿವೆ. ನಾಯಕಿ ಮೊದಲ ಮರದ ತುದಿಯಲ್ಲಿ ಮೈಭಾರ ಹಾಕಿ ಜೀಕುತ್ತಾಳೆ. ಎರಡನೆಯದರಲ್ಲಿ ಮರ ಬಾಗುತ್ತದೆ, ಅದರ ಜೊತೆಗೆ ಪ್ಯಾನೆಲಿನ ಗೆರೆಯೂ ಬಾಗುತ್ತದೆ. ಮೂರನೆಯದರಲ್ಲಿ ಕೈ ಪಕ್ಕದ ಮರಕ್ಕೆ ತಾಗಿದೆ. ನಾಲ್ಕನೆಯದರಲ್ಲಿ ಬಿಟ್ಟ ಮರ ಬಿಲ್ಲಿನಂತೆ ಹಿಂದಕ್ಕೆ ಚಿಮ್ಮಿದೆ. ಇಡೀ ಪುಟದಲ್ಲಿ ಒಂದು ಮಾತೂ ಇಲ್ಲ. ಅಡಿಕೆ ಕೊಯ್ಯುತ್ತ, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುವ ಕೊನೆಗೌಡರನ್ನು ತೋಟದಲ್ಲಿ ನೋಡಿದವರಿಗೆ ಈ ಪುಟದ ನಿಖರತೆ ಬಿಡಿಸಿ ಹೇಳಬೇಕಿಲ್ಲ. ಸ್ಪೈಡರ್‌ಮ್ಯಾನ್‌ಗೆ ಬಲೆ ಬೇಕು, ಇವಳಿಗೆ ಕಾಲಿಗೊಂದು ಹಗ್ಗದ ಬಳೆ, ಸೊಂಟಕ್ಕೊಂದು ಕತ್ತಿ ಸಾಕು. ಬೆನ್ನ ಮೇಲೆ ಹಾರಾಡುವ ಬಟ್ಟೆಯನ್ನೂ ಕಲಾವಿದೆ ಬಿಟ್ಟಿದ್ದಾರೆ. ಸೋಗೆಗೆ, ಅಂದರೆ ಅಡಿಕೆಯ ಗರಿಗೆ, ಸಿಕ್ಕಿಕೊಳ್ಳುವ ವಸ್ತು ಅದು, ಬಿಟ್ಟದ್ದೇ ಸರಿ.

ಇದುವರೆಗೆ ಎಲ್ಲೂ ಅಚ್ಚಾಗದ ಎಂಟು ಕಲಾವಿದರು, ಒಬ್ಬೊಬ್ಬರಿಗೆ ಎಂಟೆಂಟು ಪುಟ. ರಕ್ಷಾಪುಟ ಬಿಟ್ಟು 64 ಪುಟ, ಪೂರ್ತಿ ಬಣ್ಣ, 130 ಜಿಎಸ್‌ಎಂ ತೂಕದ ನುಣುಪು ಆರ್ಟ್ ಪೇಪರ್, ಸೆಂಟರ್ ಪಿನ್ (ಮಡಿಕೆಯ ನಡುವೆ ಪಿನ್ ಹೊಡೆದ ಕಟ್ಟು), ಬೆಲೆ 250 ರೂಪಾಯಿ. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆಯ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ.

ಸೂಪರ್‌ಹೀರೋಗಳು ಹುಟ್ಟಿದ್ದೇ ಸಂಕಲನಗಳಲ್ಲಿ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ ಹತ್ತಾರು ಬಗೆಯ ಕಥೆಗಳ ಕಟ್ಟು, ಅದರಲ್ಲಿ ಅವನ ಪಾಲು 13 ಪುಟ. 1962ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಸಿಕ್ಕಿದ್ದು 11 ಪುಟ, ಅದೂ ಮುಚ್ಚಿಹೋಗುತ್ತಿದ್ದ ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ. ಇಲ್ಲಿರುವುದು ಎಂಟೇ. ಶಕ್ತಿ ಎಲ್ಲಿಂದ ಬಂತು, ಶತ್ರು ಯಾರು, ಹೊಡೆದಾಟ, ಮುಕ್ತಾಯ ಎಲ್ಲವನ್ನೂ ಎಂಟು ಪುಟಕ್ಕೆ ತುರುಕಿದರೆ ಯಾವುದೂ ಉಳಿಯುವುದಿಲ್ಲ. ಎರಡನೇ ಮತ್ತು ಏಳನೇ ಕಥೆ ಸೋತಿರುವುದು ಇಲ್ಲೇ: ಸಿಡಿಲು ಬಡಿದು ಶಕ್ತಿ ಬರುವುದಕ್ಕೇ ಐದು ಪುಟ ಮುಗಿದಿದೆ, ಖಳನಿಗೆ ಮುಖ ಬರೆಯಲೂ ಜಾಗವಿಲ್ಲ. ಏಳನೆಯದರಲ್ಲಿ ಇನ್ನೊಂದು ಕೊರತೆಯೂ ಇದೆ. ಗಾಜಿನ ಗೋಪುರಗಳ ಆ ಊರು ಯಾವುದೂ ಆಗಬಹುದು. ಕೊನೆಗೊಮ್ಮೆ ಹಳ್ಳಿ ಬಂದಾಗ ಅಡಿಕೆ ಮರ ತೆಂಗಿನಂತೆ ದಪ್ಪಗಾಗಿ ಸೊಟ್ಟಗೆ ನಿಂತಿದೆ. ಅಡಿಕೆ ನೆಟ್ಟಗೆ, ಸಪೂರ. ಕಾಂಡದ ತುಂಬ ಉಂಗುರದ ಗುರುತು, ಸೋಗೆಯ ಬುಡದಲ್ಲಿ ನುಣುಪಾದ ಹಸಿರು ಹಾಳೆ.

ಪುಟ ತಿರುಗಿಸುವ ಲೆಕ್ಕವನ್ನು ಚೆನ್ನಾಗಿ ಅರಿತವರು ಮೂರನೇ ಕಥೆಯ ಕಲಾವಿದರು. ಪ್ರತಿ ಕಥೆಯೂ ಬಲಪುಟದಲ್ಲಿ ಶುರುವಾಗುತ್ತದೆ. ಹಾಗಾಗಿ ಓದುಗ ಬೆಚ್ಚಿಬೀಳಬೇಕಾದ ಚಿತ್ರ ಕಥೆಯ 2, 4, 6 ಅಥವಾ 8ನೇ ಪುಟದಲ್ಲೇ ಬರಬೇಕು. ಬೆಸಪುಟಕ್ಕೆ ಹಾಕಿದರೆ ಎಡಪುಟ ಓದುವಾಗಲೇ ಕಣ್ಣು ಅಲ್ಲಿಗೆ ಜಾರುತ್ತದೆ. ಈ ಕಥೆ ನಡೆಯುವುದು ಲಿಂಗನಮಕ್ಕಿ ಹಿನ್ನೀರಿನಲ್ಲಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋಗುತ್ತದೆ, 21ನೇ ಪುಟದ ಕೊನೆಯ ಪ್ಯಾನೆಲಿನಲ್ಲಿ ಒಡೆದ ಕೆಸರು ಮಾತ್ರ. ತಿರುಗಿಸಿದರೆ 22ನೇ ಪುಟದ ತುಂಬ ಈ ಹಿನ್ನೀರಿನಲ್ಲಿ ಮುಳುಗಿದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು, ನೀರು ಹೊರಬಿಡುವ ಅದರ ಸೈಫನ್ನುಗಳ ಸಾಲಿನ ಮುಂದೆ ನಿಂತ ನಾಯಕ. ನೀರು ಏರಿದರೆ ಅವನ ಶಕ್ತಿ ಮುಳುಗುತ್ತದೆ, ಇಳಿದರೆ ಮೇಲೇಳುತ್ತದೆ. ಹುಟ್ಟಿನ ಕಥೆಯೇ ಬೇಕಾಗಿಲ್ಲ, ಶರಾವತಿ ಕಣಿವೆಯ ಓದುಗರಿಗೆ ಅದು ಗೊತ್ತು. ಆರನೇ ಕಥೆ ಇದೇ ಲೆಕ್ಕ ತಪ್ಪಿದೆ: ಮುಖವಾಡ ಕಳಚುವ ದೃಶ್ಯ 45ನೇ ಪುಟದಲ್ಲಿದೆ, 44 ಓದುವ ಮೊದಲೇ ಗುಟ್ಟು ರಟ್ಟು.

ನಾಲ್ಕನೇ ಕಥೆಯ ನಾಯಕಿಯ ಉಡುಪಿನಲ್ಲಿ ಹಸೆ ಚಿತ್ತಾರವಿದೆ. ಸಾಗರ, ಸೊರಬದ ದೀವರು ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಗೆರೆಗೆ ದಪ್ಪ-ಸಣ್ಣ ಎಂಬುದಿಲ್ಲ, ಉದ್ದಕ್ಕೂ ಒಂದೇ ಸಮ. ಸೂಪರ್‌ಹೀರೋ ಚಿತ್ರದ ಇಂಕಿಂಗ್, ಅಂದರೆ ಶಾಯಿಯ ಗೆರೆ, ಇದಕ್ಕೆ ಪೂರ್ತಿ ವಿರುದ್ಧ, ಅಲ್ಲಿ ಸ್ನಾಯುವಿನ ನೆರಳು ತೋರಿಸುವುದೇ ಗೆರೆಯ ಏರಿಳಿತ. ಕಲಾವಿದ ಮೈಯನ್ನು ಬ್ರಷ್ಷಿನ ಗೆರೆಯಲ್ಲೂ ಉಡುಪನ್ನು ಸಮಗೆರೆಯಲ್ಲೂ ಬರೆದಿದ್ದಾರೆ. ಬಟ್ಟೆ ಮಡಿಚಿದಲ್ಲಿ ಚಿತ್ತಾರ ಮಡಿಚುವುದಿಲ್ಲ, ಇದು ತಪ್ಪೆಂದು ಕೆಲವರಿಗೆ ಅನಿಸಬಹುದು. ನಮಗೆ ಇದೇ ಸರಿ ಎನಿಸಿತು: ಅವಳು ಗೋಡೆಯಿಂದ ಇಳಿದು ಬಂದವಳು. ಆದರೆ ಆಕೃತಿ ಎರಡಿಂಚಿಗಿಂತ ಚಿಕ್ಕದಾದ ಕಡೆಗಳಲ್ಲೂ ಅಷ್ಟೇ ಎಳೆ ತುಂಬಿದ್ದರಿಂದ ಅಚ್ಚಿನಲ್ಲಿ ಗೆರೆಗಳು ಒಂದಕ್ಕೊಂದು ಕೂಡಿ ಉಡುಪು ಬರೀ ಕಪ್ಪು ಮುದ್ದೆಯಾಗಿದೆ. ದೂರದ ಪ್ಯಾನೆಲಿಗೆ ಎರಡು ಪಟ್ಟಿ ಉಳಿಸಿ ಮಿಕ್ಕದ್ದು ಬಿಟ್ಟಿದ್ದರೆ ಸಾಕಿತ್ತು.

ಐದನೆಯದು ಮಂಗನ ಕಾಯಿಲೆಯ ಕಥೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ರೋಗ. ಸತ್ತ ಮಂಗವೇ ಮೊದಲ ಎಚ್ಚರಿಕೆ ಎಂಬುದನ್ನು, ಕಾಡಿಗೆ ಹೊರಟವರು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಸರಿಯಾಗಿ ತಂದಿದ್ದಾರೆ. ಆದರೆ ಎಂಟೂ ಪುಟ ಜಡಿಮಳೆ. ಈ ರೋಗ ಹರಡುವ ಉಣುಗಿನ ಕಾಟ ಮಳೆ ಹೋದ ಮೇಲಿನದು, ಡಿಸೆಂಬರಿನಿಂದ ಮೇವರೆಗೆ. ಒಣಗಿದ ತರಗೆಲೆಯ ಸದ್ದಿನಲ್ಲೇ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸಬಹುದಿತ್ತು. ಮೊದಲ ಕಥೆಯಲ್ಲೂ ಇಂಥದ್ದೇ ಒಂದು ಎಡವಟ್ಟು. ಖಳ ಅಡಿಕೆಯ ಕೊಳೆರೋಗ, ಬೆಳ್ಳಗೆ ಹಬ್ಬುವ ಅದರ ರೂಪ ಅದ್ಭುತವಾಗಿದೆ. ಅದನ್ನು ಹಿಮ್ಮೆಟ್ಟಿಸುವ ಬೋರ್ಡೋ ದ್ರಾವಣದ ತಿಳಿನೀಲಿಯೂ ಸರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಅಳತೆಯನ್ನೇ ಮಂತ್ರವಾಗಿ ಹೇಳಿಸಿದ್ದಾರೆ. ಆದರೆ ಸುರಿವ ಮಳೆಯಲ್ಲಿ ಔಷಧಿ ಹೊಡೆದರೆ ಗೊನೆಗೆ ಅಂಟುವ ಮೊದಲೇ ತೊಳೆದುಹೋಗುತ್ತದೆ. ಮಳೆ ಹೊಳವಾದ ಹೊತ್ತಿಗೆ ಕಾಯುವುದು ಕೂಡ ಕಥೆಯ ಒಂದು ಬಿಗುವಾಗಬಹುದಿತ್ತು.

ಚಿತ್ರಕ್ಕಿಂತ ಹೆಚ್ಚು ಕೆಲಸ ಬೇಕಿರುವುದು ಅಕ್ಷರಕ್ಕೆ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲವೂ ದೊಡ್ಡಕ್ಷರ, ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ, ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. 47ನೇ ಪುಟದ ಮಾತಿನ ಬಲೂನಿನಲ್ಲಿ ‘ಶಸ್ತ್ರ ಕೆಳಗಿಡು’ ಎಂಬ ಸಾಲಿನ ಕೆಳಗೆ ‘ನೀನೇ ಕಾರಣ’ ಇದೆ. ಸ್ತ್ರದ ಎರಡು ಒತ್ತು ಇಳಿದು ನೀಯ ತಲೆಗೆ ಬಡಿದಿವೆ, ಎರಡೂ ಓದಲಾಗುವುದಿಲ್ಲ. 9 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 13-14 ಪಾಯಿಂಟ್ ಬೇಕೇ ಬೇಕು. ಬಲೂನಿಗೆ ಹತ್ತು ಹನ್ನೆರಡು ಪದ ದಾಟಿದರೆ ಎರಡು ಬಲೂನು ಮಾಡಬೇಕು, ಅದಕ್ಕೆ ಪೆನ್ಸಿಲ್ ಹಂತದಲ್ಲೇ ಜಾಗ ಬಿಡಬೇಕು. 52ನೇ ಪುಟದಲ್ಲಿ ಒತ್ತಕ್ಷರಗಳೇ ಒಡೆದು ‘ಶಕ್‌ತಿ’ ಎಂದಾಗಿದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆನ್ ಮಾಡದೆ ಯೂನಿಕೋಡ್ ಅಂಟಿಸಿದರೆ ಆಗುವುದೇ ಹೀಗೆ. ಆನ್ ಮಾಡಿ, ತಿದ್ದಿ, ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ, ಅಂದರೆ ಚಿತ್ರದ ಗೆರೆಗಳಾಗಿ ಬದಲಿಸಿಯೇ, ಪ್ರೆಸ್ಸಿಗೆ ಕಳಿಸಬೇಕು.

ಸದ್ದುಗಳ ವಿಷಯಕ್ಕೆ ಬಂದರೆ ಎಂಟನೇ ಕಥೆಗೆ ಪೂರ್ಣ ಅಂಕ. ಆಗುಂಬೆಯ ಮಳೆಗೆ ‘ಧೋ’ ಎಂಬ ಅಕ್ಷರವನ್ನು ಮಳೆಯ ಗೆರೆಗಳಿಂದಲೇ ಕಟ್ಟಿದ್ದಾರೆ, ಹನಿ ಕಡಿಮೆಯಾದಂತೆ ಅಕ್ಷರವೂ ಕರಗುತ್ತದೆ. ಎರಡನೇ ಕಥೆಯ ‘ಬೂಮ್’ ಇದರ ಪಕ್ಕದಲ್ಲಿ ಬಡವಾಗಿ ಕಾಣುತ್ತದೆ.

ಅಚ್ಚಿನ ಬಗ್ಗೆ ಎರಡು ಮಾತು. ಸೆಂಟರ್ ಪಿನ್ ಪುಸ್ತಕದಲ್ಲಿ 16 ಹಾಳೆ ಒಂದರೊಳಗೊಂದು ಮಡಿಚಿದಾಗ ಒಳಗಿನವು ಹೊರಗೆ ಚಾಚುತ್ತವೆ, ಕತ್ತರಿಸುವಾಗ ಅವುಗಳ ಅಂಚು ಒಂದೂವರೆ ಮಿಲಿಮೀಟರಿನಷ್ಟು ಹೆಚ್ಚು ಹೋಗುತ್ತದೆ. 30ರಿಂದ 35ನೇ ಪುಟದವರೆಗೆ ಅಂಚಿನ ಬಲೂನುಗಳು ಕಚ್ಚಿಹೋಗಿರುವುದು ಇದರಿಂದಲೇ. ಇನ್ನೊಂದು, ರಾತ್ರಿ ದೃಶ್ಯಗಳಲ್ಲಿ ನಾಲ್ಕೂ ಶಾಯಿ ಸುರಿದು ಕಪ್ಪು ಮಾಡಿದ್ದಾರೆ. ನಾಲ್ಕೂ ಬಣ್ಣದ ಪ್ರಮಾಣ ಕೂಡಿಸಿ ಒಟ್ಟು ಶಾಯಿ ಶೇ. 300 ದಾಟಿದರೆ ಆರ್ಟ್ ಪೇಪರಿನ ಮೇಲೆ ಬೇಗ ಒಣಗುವುದಿಲ್ಲ, ನಮ್ಮ ಮಳೆಗಾಲದ ತೇವದಲ್ಲಂತೂ ಇನ್ನೂ ತಡ. ಕೆಲವು ಪ್ರತಿಗಳಲ್ಲಿ 28ನೇ ಪುಟದ ಕಪ್ಪು 29ರ ಮೇಲೆ ನೆರಳಾಗಿ ಅಂಟಿದೆ.

ಕೊಳ್ಳುವುದಾದರೆ ಅಂಗಡಿಯಲ್ಲೇ ಆ ಜೋಡಿಪುಟ ಬಿಡಿಸಿ ನೋಡಿ, ಅಂಟಿದ್ದರೆ ಬೇರೆ ಪ್ರತಿ ಕೇಳಿ. ಮನೆಯಲ್ಲಿ ಗೋಡೆಗೆ ತಾಗಿಸದೆ ನಿಲ್ಲಿಸಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಪುಟ ಬಿಡಿಸಿ ಗಾಳಿಯಾಡಿಸದಿದ್ದರೆ ಈ ಕಾಗದ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ.