ಹೂವಿನ ಡೈರಿಯೂ ನಾಲ್ಕು ಥರದ ರೆಸ್ಯೂಮೆ ಪಾಠವೂ

ಹತ್ತನೇ ಕ್ಲಾಸಿನ ಹುಡುಗನೊಬ್ಬ ತನ್ನ ಬಯೋಡೇಟಾದಲ್ಲಿ ‘ಮ್ಯಾರಿಟಲ್ ಸ್ಟೇಟಸ್: ಅನ್‌ಮ್ಯಾರಿಡ್’ ಅಂತ ಬರೆದುಕೊಂಡು ಬಂದಿದ್ದ. ನನಗೆ ನಗು ತಡೆಯಲಾಗಲಿಲ್ಲ. ‘ಯಾಕ್ ಮಿಸ್, ನಿಜಾನೇ ಅಲ್ವಾ?’ ಅಂದ. ನಿಜವೇ. ಹದಿನೈದರ ಹುಡುಗನಿಗೆ ಇನ್ನೇನಾಗಿರಬೇಕಿತ್ತು!

ನಾನು ಮಾಗಡಿ ರಸ್ತೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ನಮ್ಮ ಮಕ್ಕಳಲ್ಲಿ ಕೆಲವರು ಪೀಣ್ಯದ ಕಡೆ ಅಪ್ರೆಂಟಿಸ್ ಹುಡುಕುತ್ತಾರೆ, ಕೆಲವರು ಐಟಿಐ, ಉಳಿದವರಲ್ಲಿ ಸುಮಾರು ಜನ ಪಿಯು ಶುರುವಾಗುವವರೆಗೆ ಯಾವುದಾದರೂ ಅಂಗಡಿ. ಎಲ್ಲರೂ ಬಂದು ಕೇಳುವುದು ಒಂದೇ: ‘ಮಿಸ್, ರೆಸ್ಯೂಮೆ ಕೇಳ್ತಿದ್ದಾರೆ.’ ಕೆಲಸದ ಅರ್ಜಿ ಬರೆಸುವ ಮೊದಲು ನಾನು ವಯಸ್ಸು ನೋಡುತ್ತೇನೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ಅದಕ್ಕೇ ಎಂಟನೇ ಕ್ಲಾಸಿನವರನ್ನು ಈ ಪಾಠಕ್ಕೆ ಕೂರಿಸಿಕೊಳ್ಳಲಿಲ್ಲ.

ಹೋದ ವರ್ಷ ಶನಿವಾರಗಳಲ್ಲಿ ಒಂದೇ ಬ್ಯಾಚಿನ 31 ಮಕ್ಕಳ ಮೇಲೆ ನಾಲ್ಕು ಥರದ ಪಾಠ ಪ್ರಯೋಗಿಸಿದೆ. ಓದುಗರಾಗಿ ಸಿಕ್ಕವರು ನಮ್ಮ ಏರಿಯಾದ ಒಬ್ಬ ಪುಸ್ತಕದಂಗಡಿ ಯಜಮಾನರು. ಬೇಸಿಗೆಯಲ್ಲಿ ನೋಟ್‌ಬುಕ್ ವ್ಯಾಪಾರ ಜೋರಾಗುವಾಗ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ‘ಬರೆಸಿ ಮೇಡಂ, ಓದ್ತೀನಿ. ಆದ್ರೆ ಸುಮ್ನೆ ಚೆನ್ನಾಗಿದೆ ಅನ್ನಲ್ಲ’ ಅಂದರು. ಕೊನೆಯವರೆಗೂ ಆ ಮಾತಿಗೆ ತಪ್ಪಲಿಲ್ಲ.

ಹೋಲಿಸುವುದಕ್ಕೆ ಒಬ್ಬಳೇ ಹುಡುಗಿಯ ಹಾಳೆಗಳನ್ನು ಹಿಡಿದು ಹೇಳುತ್ತೇನೆ. ಅವಳ ಅಮ್ಮ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂ ತರುತ್ತಾರೆ, ಮಗಳು ಸ್ಕೂಲಿಗೆ ಬರುವ ಮೊದಲು ವರ್ತನೆ ಮನೆಗಳಿಗೆ ಕೊಟ್ಟು ಬರುತ್ತಾಳೆ. ಇದು ನನಗೆ ಗೊತ್ತಾಗಿದ್ದೇ ಮೂರು ಥರದ ಪಾಠ ಮುಗಿದಮೇಲೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲನೆಯದು ಸೈಬರ್ ಸೆಂಟರ್ ಫಾರ್ಮ್ಯಾಟು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ರೆಡಿ ಇರುತ್ತದಲ್ಲ, ಹೆಸರು ಬದಲಾಯಿಸಿ ಪ್ರಿಂಟು ಹೊಡೆಯುವುದು, ಅದು. ಒಂದು ಪೀರಿಯಡ್ಡಿನಲ್ಲಿ ಮುಗಿಯಿತು, ಮಕ್ಕಳಿಗೂ ಖುಷಿ. 31 ಹಾಳೆ ಮೇಜಿನ ಮೇಲೆ ಹರಡಿದರೆ ಒಂದನ್ನೇ 31 ಸಲ ಜೆರಾಕ್ಸ್ ಮಾಡಿಸಿದ ಹಾಗಿತ್ತು. ಎಲ್ಲರೂ ‘ಹಾರ್ಡ್ ವರ್ಕಿಂಗ್’, ಎಲ್ಲರದೂ ‘ಪಾಸಿಟಿವ್ ಆಟಿಟ್ಯೂಡ್’, ಎಲ್ಲರ ಹಾಬಿ ‘ಲಿಸನಿಂಗ್ ಟು ಮ್ಯೂಸಿಕ್’. ಅಪ್ಪನ ಹೆಸರು, ಜಾತಿ, ಧರ್ಮ, ಮದುವೆಯ ವಿಚಾರ ಎಲ್ಲ ಇತ್ತು. ಪುಸ್ತಕದಂಗಡಿಗೆ ಇದರಲ್ಲಿ ಒಂದೂ ಬೇಕಿಲ್ಲ. ಹೂವಿನ ಹುಡುಗಿಯ ಹಾಳೆಯಲ್ಲಿ ‘ಎಕ್ಸ್‌ಪೀರಿಯನ್ಸ್: ನಿಲ್’ ಅಂತಿತ್ತು.

ಆದರೂ ಫಾರ್ಮ್ಯಾಟನ್ನು ಪೂರ್ತಿ ಬಯ್ಯಲಾರೆ. ಫೋನ್ ನಂಬರು ಎಲ್ಲಿ, ಓದು ಎಲ್ಲಿ, ಒಂದೇ ಪುಟಕ್ಕೆ ಹೇಗೆ ಕೂರಿಸುವುದು ಎಂಬ ಅಚ್ಚುಕಟ್ಟು ಅದರಿಂದ ಬರುತ್ತದೆ. ಡಬ್ಬ ಬೇಕು, ತಿಂಡಿ ಬೇರೆ ಮಾಡಬೇಕು, ಅಷ್ಟೇ.

ಎರಡನೆಯದು ನನ್ನದೇ ಅಂಗಳ, ಪತ್ರಲೇಖನ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’. ಇದು ಮಕ್ಕಳಿಗೆ ನಿದ್ದೆಯಲ್ಲೂ ಬರುತ್ತದೆ. ಇದರ ಮೇಲೆಯೇ ಕವರ್ ಲೆಟರ್ ಕಟ್ಟಬಹುದು ಅಂದುಕೊಂಡಿದ್ದೆ. ಬಂದ ಪತ್ರಗಳನ್ನು ಓದಿ ನನಗೇ ಕಸಿವಿಸಿಯಾಯಿತು. ‘ನಾನು ಬಡ ಕುಟುಂಬದವಳಾಗಿದ್ದು, ತಾವು ದಯಮಾಡಿ ಕೆಲಸ ನೀಡಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.’ ಬರೆದವಳು ಅದೇ ಹೂವಿನ ಹುಡುಗಿ. ಬೈಯುವುದಾದರೆ ಅವಳನ್ನಲ್ಲ, ನನ್ನನ್ನು ಬೈಯಬೇಕು. ನಾವು ವರ್ಷಗಟ್ಟಲೆ ಕಲಿಸಿದ ಪತ್ರಗಳೆಲ್ಲ ಬೇಡುವ ಪತ್ರಗಳೇ: ಜ್ವರ ಬಂದಿದೆ ರಜೆ ಕೊಡಿ, ಬೀದಿದೀಪ ಕೆಟ್ಟಿದೆ ಸರಿಮಾಡಿಸಿ, ಟಿ.ಸಿ. ಕೊಡಿ. ಎಲ್ಲದರಲ್ಲೂ ಬರೆಯುವವರು ಕೆಳಗೆ, ಓದುವವರು ಮೇಲೆ. ವಿನಂತಿ ಮಾಡುವುದು ಚೆನ್ನಾಗಿ ಬರುತ್ತದೆ, ನನ್ನಿಂದ ನಿಮಗೇನು ಉಪಯೋಗ ಎಂದು ಹೇಳುವುದು ಬರುವುದಿಲ್ಲ. ಯಜಮಾನರು ಓದಿ, ‘ಪಾಪ ಅನ್ಸುತ್ತೆ ಮೇಡಂ. ಪಾಪ ಅನ್ಸಿದ್ರೆ ಐನೂರು ರೂಪಾಯಿ ಕೊಟ್ಟು ಕಳಿಸ್ತೀನಿ, ಕೆಲಸ ಯಾಕೆ ಕೊಡ್ಲಿ?’ ಅಂದರು. ಚುರುಕ್ ಅಂತು.

ಮಾರನೇ ವಾರ ಕ್ಲಾಸಿನಲ್ಲಿ ಲಿಯೊನಾರ್ಡೊ ದ ವಿಂಚಿಯ ಕಥೆ ಹೇಳಿದೆ. ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನಲ್ಲಿದ್ದಾಗ, ಮಿಲಾನಿನ ಆಳರಸ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರದ ಕರಡು ಉಳಿದಿದೆ. ಅದರ ತುಂಬ ಹಗುರ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥ. ಶಾಂತಿಕಾಲದ ಕೆಲಸ ಬರುವುದೇ ಕೊನೆಯಲ್ಲಿ, ಚಿತ್ರ ಬಿಡಿಸುತ್ತೇನೆ ಅನ್ನುವುದೂ ಅಲ್ಲೇ. ಆಳರಸನಿಗೆ ಬೇಕಿದ್ದದ್ದು ಯುದ್ಧಕ್ಕೆ ಆಗಿಬರುವವನು. ಹಿಂದಿನ ಬೆಂಚಿನವನೊಬ್ಬ, ‘ಮಿಸ್, ಅವನು ನಮ್ ಪುಸ್ತಕದಂಗಡಿಗೆ ಬರೆದಿದ್ರೆ?’ ಅಂದ. ನಾನು ಆ ಪ್ರಶ್ನೆಯನ್ನು ಕ್ಲಾಸಿಗೇ ಬಿಟ್ಟೆ. ಬೈಂಡು ಹಾಕ್ತೀನಿ ಅಂತಿದ್ದ, ಲೇಬಲ್ ಮೇಲೆ ಹೆಸರು ಮುದ್ದಾಗಿ ಬರೀತೀನಿ ಅಂತಿದ್ದ, ಹೀಗೆ ಹತ್ತು ಉತ್ತರ ಬಂತು. ಇಡೀ ಪತ್ರಲೇಖನದ ಪಾಠದಲ್ಲಿ ಕೆಲಸಕ್ಕೆ ಬಂದ ಹತ್ತು ನಿಮಿಷ ಅಂದರೆ ಅವೇ.

ಮೂರನೆಯದು ಎಐ. ನಾನು ಹೇಳಿಕೊಡುವ ಮೊದಲೇ ಅರ್ಧ ಕ್ಲಾಸು ಬಳಸುತ್ತಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಎದುರಿಗೇ ಮಾಡಿಸಿದೆ. ಇಂಗ್ಲಿಷ್ ತಪ್ಪಿಲ್ಲ, ಎರಡು ನಿಮಿಷದ ಕೆಲಸ. ಹೂವಿನ ಹುಡುಗಿ ಅಷ್ಟು ಹೊತ್ತಿಗೆ ‘ಅಮ್ಮನ ವ್ಯಾಪಾರಕ್ಕೆ ಸಹಾಯ ಮಾಡ್ತೀನಿ’ ಅಂತ ಒಂದು ಸಾಲು ಕೊಟ್ಟಿದ್ದಳಂತೆ. ಅದು ವಾಪಸ್ ಬಂದಾಗ ‘ಸಪ್ಲೈ ಚೈನ್ ಕೋಆರ್ಡಿನೇಷನ್’, ‘ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್’ ಆಗಿತ್ತು. ನಾನು ಅದರಲ್ಲಿ ಹೂವಿನ ವಾಸನೆಯನ್ನೂ ಕಾಣಲಿಲ್ಲ, ಯಾವುದೋ ಆಫೀಸು ಅಂದುಕೊಂಡೆ. ‘ಸ್ಟೇಕ್‌ಹೋಲ್ಡರ್ ಅಂದ್ರೆ ಯಾರೇ?’ ಅಂತ ಕೇಳಿದರೆ ಪಕ್ಕದವಳ ಮುಖ ನೋಡಿದಳು. ಇಂಟರ್‌ವ್ಯೂನಲ್ಲಿ ಇದೇ ಪ್ರಶ್ನೆ ಬಂದರೆ ಗತಿ?

ಇನ್ನೊಂದು ತಾಪತ್ರಯ: ಒಬ್ಬನ ಹಾಳೆಗೆ ಅವನು ಹೇಳದೇ ಇದ್ದ ಕಂಪ್ಯೂಟರ್ ಸರ್ಟಿಫಿಕೇಟೊಂದು ಬಂದು ಕೂತಿತ್ತು. ಅವನು ಅದನ್ನು ತೆಗೆಯುವುದಕ್ಕೆ ಒಪ್ಪಲೇ ಇಲ್ಲ. ‘ಇರ್ಲಿ ಬಿಡಿ ಮಿಸ್, ಚೆನ್ನಾಗಿ ಕಾಣುತ್ತೆ.’ ತೆಗೆಸುವಷ್ಟರಲ್ಲಿ ಬೆಲ್ ಹೊಡೆಯಿತು.

ನಾಲ್ಕನೆಯದು ಮಾತು ಮೊದಲು, ಬರವಣಿಗೆ ಆಮೇಲೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು, ಪೆನ್ನು ಮುಟ್ಟುವ ಹಾಗಿಲ್ಲ. ಭಾಷೆ ಯಾವುದಾದರೂ ಸರಿ. ನಮ್ಮ ಕ್ಲಾಸಿನಲ್ಲಿ ತೆಲುಗು, ತಮಿಳು, ಉರ್ದು ಎಲ್ಲ ಉಂಟು. ಬೋರ್ಡಿನ ಮೇಲೆ ಪ್ರಶ್ನೆ ನಾಲ್ಕೇ ಬರೆದಿದ್ದೆ: ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀಯಾ? ಎಷ್ಟು? ಯಾವಾಗಿಂದ? ಒಂದು ಸಲ ಎಡವಟ್ಟಾದಾಗ ಏನು ಮಾಡಿದೆ?

ಅಲ್ಲಿ ಹೊರಗೆ ಬಂತು ಡೈರಿ. ಯಾವುದೋ ಬ್ಯಾಂಕಿನವರು ಕೊಟ್ಟ ಹಳೇ ವರ್ಷದ ಡೈರಿ, ಮೂಲೆಗಳೆಲ್ಲ ಹೂವಿನ ನೀರು ಕುಡಿದು ಉಬ್ಬಿಕೊಂಡಿತ್ತು. 22 ಮನೆ, ಮನೆಗೊಂದು ಪುಟ. ದಿನಕ್ಕೊಂದು ಗೆರೆ, ಶುಕ್ರವಾರ ಎರಡು ಮೊಳಕ್ಕೆ ಎರಡು ಗೆರೆ, ಊರಿಗೆ ಹೋದವರಿಗೆ ಸೊನ್ನೆ. ತಿಂಗಳ ಕೊನೆಗೆ ಗೆರೆ ಎಣಿಸಿ ದುಡ್ಡು ವಸೂಲಿ. ಎಡವಟ್ಟಿನ ಪ್ರಶ್ನೆ ಬಂದಾಗ ಸ್ವಲ್ಪ ತಡವರಿಸಿದಳು. ಇಬ್ಬರು ಆಂಟಿಯರು ಪ್ರತಿ ತಿಂಗಳೂ ‘ಇಷ್ಟು ದಿನ ಎಲ್ಲಿ ಕೊಟ್ಟೆ’ ಅಂತ ತಕರಾರು ತೆಗೆಯುತ್ತಿದ್ದರಂತೆ. ‘ಅದಕ್ಕೆ ಅವರ ಮನೆ ಕ್ಯಾಲೆಂಡರ್‌ನಲ್ಲೂ ಗೆರೆ ಹಾಕ್ಸೋಕ್ ಶುರು ಮಾಡ್ದೆ ಮಿಸ್. ಹೂ ಕೊಟ್ಟ ತಕ್ಷಣ ಅವರ ಕೈಲೇ. ಆಮೇಲೆ ಜಗಳ ಇಲ್ಲ.’ ಎರಡು ತಿಂಗಳ ಹಿಂದೆ ಇದೇ ಹುಡುಗಿ ‘ಎಕ್ಸ್‌ಪೀರಿಯನ್ಸ್: ನಿಲ್’ ಅಂತ ಬರೆದಿದ್ದಳು.

ಆವತ್ತು ಬರೆಸಿದ್ದು ಪತ್ರ, ರೆಸ್ಯೂಮೆ ಅಲ್ಲ. ಈ ಕ್ರಮ ನನಗೆ ಹೊಳೆದದ್ದು ಆವತ್ತೇ. ಎಲ್ಲರೂ ರೆಸ್ಯೂಮೆ ಮೊದಲು ಮಾಡಿಸಿ, ಕವರ್ ಲೆಟರನ್ನು ಬಾಲಂಗೋಚಿಯ ಹಾಗೆ ಅಂಟಿಸುತ್ತಾರೆ. ಕೆಲಸದ ಅನುಭವ ಇರುವ ದೊಡ್ಡವರಿಗೆ ಅದು ಸರಿ. ಹದಿನೈದರವರ ಹತ್ತಿರ ಪಟ್ಟಿ ಮಾಡುವಂಥದ್ದು ಏನಿರುತ್ತದೆ? ಒಂದು ಘಟನೆ ಇರುತ್ತದೆ. ಘಟನೆ ಪತ್ರದಲ್ಲಿ ಕೂತಮೇಲೆ ಅದರಿಂದ ರೆಸ್ಯೂಮೆಯ ಸಾಲು ತಾನಾಗಿ ಉದುರುತ್ತದೆ. ಅವಳ ಪತ್ರದ ನಡುವಿನ ಭಾಗ ಹೀಗಿತ್ತು:

‘ಒಂಬತ್ತನೇ ಕ್ಲಾಸಿನಿಂದ 22 ಮನೆಗಳ ಹೂವಿನ ಲೆಕ್ಕ ನಾನೇ ಬರೆಯುತ್ತಿದ್ದೇನೆ. ಎರಡು ಮನೆಯವರು ಲೆಕ್ಕ ಒಪ್ಪುತ್ತಿರಲಿಲ್ಲ. ಅವರ ಕ್ಯಾಲೆಂಡರಿನಲ್ಲಿ ಅವರಿಂದಲೇ ಗುರುತು ಹಾಕಿಸಿದೆ. ನಿಮ್ಮ ಅಂಗಡಿಯಲ್ಲಿ ಸ್ಕೂಲುಗಳಿಗೆ ಸಾಲ ಕೊಡುತ್ತೀರಿ ಎಂದು ಕೇಳಿದ್ದೇನೆ. ಆ ಲೆಕ್ಕ ನಾನು ಬರೆಯಬಲ್ಲೆ.’

ರೆಸ್ಯೂಮೆಯಲ್ಲಿ ಅದು ಒಂದು ಸಾಲಾಯಿತು: ‘22 ಮನೆಗಳ ದಿನದ ಲೆಕ್ಕ ಮತ್ತು ತಿಂಗಳ ವಸೂಲಿ, ಒಂಬತ್ತನೇ ತರಗತಿಯಿಂದ.’ ಫಾರ್ಮ್ಯಾಟಿನ ಡಬ್ಬ ಆಗ ಉಪಯೋಗಕ್ಕೆ ಬಂತು. ಇಂಗ್ಲಿಷಿಗೆ ತರುವಾಗ ಎಐ ಕೂಡ ಬಂತು, ಆದರೆ ಕಟ್ಟುನಿಟ್ಟಾಗಿ: ವ್ಯಾಕರಣ ತಿದ್ದು, ಹೊಸ ಪದ ಸೇರಿಸಬೇಡ, ಅರ್ಥವಾಗದ್ದಿದ್ದರೆ ನನ್ನನ್ನೇ ಪ್ರಶ್ನೆ ಕೇಳು. ಹಾಗೆ ಬಳಸಿದಾಗ ಅದು ಕೇಳಿದ ಪ್ರಶ್ನೆಗಳು ಕೆಲವು ಸಲ ನನ್ನ ನಾಲ್ಕು ಪ್ರಶ್ನೆಗಳಿಗಿಂತ ಚೆನ್ನಾಗಿದ್ದವು. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

ಈ ನಾಲ್ಕನೇ ಥರದ ಪಾಠದ ತೊಂದರೆ ಅಂದರೆ ಸಮಯ. ಫಾರ್ಮ್ಯಾಟಿಗೆ ಒಂದು ಪೀರಿಯಡ್ಡು ಸಾಕು, ಇದಕ್ಕೆ ಐದು ಶನಿವಾರ ಹೋಯಿತು. ಇನ್ನೊಂದು ತೊಂದರೆ, ಎಲ್ಲ ಮಕ್ಕಳೂ ಮನೆಯ ಕಥೆ ಬಿಚ್ಚುವುದಿಲ್ಲ, ಬಿಚ್ಚಬೇಕಾಗಿಯೂ ಇಲ್ಲ. ಒಬ್ಬ ಹುಡುಗ ಕೊನೆಯವರೆಗೂ ‘ಏನಿಲ್ಲ ಮಿಸ್’ ಅನ್ನುತ್ತಲೇ ಇದ್ದ. ಅವನಿಗೆ ಕ್ರಿಕೆಟ್ ಟೀಮಿಗೆ ಚಂದಾ ಎತ್ತಿದ್ದನ್ನು ಬರೆಯಲು ಹೇಳಿದೆ, ಬರೆದ. ಸುಮಾರಾಗಿತ್ತು.

ಈಗ ಮತ್ತೆ ಮಾಡಿದರೆ ಒಂದನ್ನು ಬದಲಾಯಿಸುತ್ತೇನೆ. ಕೊನೇ ಶನಿವಾರ ಹೆಸರು ಮುಚ್ಚಿದ ಹನ್ನೆರಡು ಅರ್ಜಿ ಮಕ್ಕಳ ಕೈಗೇ ಕೊಟ್ಟು, ‘ನೀವೇ ಯಜಮಾನ್ರು, ಐದು ನಿಮಿಷದಲ್ಲಿ ಇಬ್ಬರನ್ನ ಆರಿಸಿ’ ಅಂದಿದ್ದೆ. ‘ಪಾಸಿಟಿವ್ ಆಟಿಟ್ಯೂಡ್’ ಹಾಳೆಗಳನ್ನು ಓದದೆಯೇ ಪಕ್ಕಕ್ಕಿಟ್ಟರು. ಅದರಲ್ಲಿ ತಮ್ಮದೇ ಹಳೇ ಹಾಳೆಗಳೂ ಇದ್ದವು. ನಾನು ಮೂರು ತಿಂಗಳು ಬಾಯಿ ನೋಯಿಸಿಕೊಂಡು ಹೇಳಿದ್ದು ಅವರಿಗೆ ಐದು ನಿಮಿಷದಲ್ಲಿ ಕಂಡಿತು. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಯಜಮಾನರು ಕೊನೆಗೆ ಆರಿಸಿದ್ದು ಹೂವಿನ ಹುಡುಗಿಯನ್ನೂ, ಮನೆಯ ಮಿಕ್ಸಿ ಬಿಚ್ಚಿ ಕಟ್ಟಿದ ಕಥೆ ಬರೆದ ಒಬ್ಬ ಹುಡುಗನನ್ನೂ. ಮೇ ಮಧ್ಯದಲ್ಲಿ ನೋಟ್‌ಬುಕ್ ತರಲು ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಹೊಸ ಡೈರಿ ಇತ್ತು. ಸ್ಕೂಲಿಗೊಂದು ಪುಟ. ‘ಬಾಕಿ ಇರೋ ಸ್ಕೂಲಿನೋರ ಕೈಲಿ ಸೈನ್ ಹಾಕಿಸ್ಕೊಂಡು ಬಾ ಅಂತಿದಾಳೆ ಮೇಡಂ’ ಅಂದರು ಯಜಮಾನರು. ‘ಇಷ್ಟು ವರ್ಷದಲ್ಲಿ ನಾನು ಕೇಳಿಲ್ಲ, ಈಗ ಹೆಂಗ್ ಕೇಳ್ಲಿ?’ ಅವಳು ಏಣಿಯ ಮೇಲೆ ನಿಂತು ಡ್ರಾಯಿಂಗ್ ಬುಕ್ ಜೋಡಿಸುತ್ತಿದ್ದಳು. ಅಲ್ಲಿಂದಲೇ ಹೇಳಿದಳು, ‘ನಾನ್ ಕೇಳ್ತೀನಿ ಬಿಡಿ ಅಂಕಲ್.’