ಪೋಸ್ಟ್‌ಗ್ರೆಸ್‌ಗೆ ಸಿಎಸ್‌ವಿ ತುಂಬಿಸುವ ಮೂರು ದಾರಿಗಳು: ಒಂದು ಹೋಲಿಕೆ

ಒಂದು ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಂಥ ಚಿಹ್ನೆಯಿಂದ ಕಾಲಂಗಳನ್ನು ಬೇರ್ಪಡಿಸಿದ ಪಠ್ಯಕಡತ) ಮಾಡಿಕೊಂಡು ಪೋಸ್ಟ್‌ಗ್ರೆಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್‌ಗೆ ತುಂಬಿಸುವ ಕೆಲಸವನ್ನು ನಾನು ಮೂರು ಬಗೆಯಲ್ಲಿ ಮಾಡಿ ನೋಡಿದೆ. ಟರ್ಮಿನಲ್ ಬಿಟ್ಟರೆ ಬೇರೇನೂ ಇಲ್ಲದ ಕಡೆ ಹಂತಹಂತವಾಗಿ ಕೇಳುತ್ತಾ ಆಮದು ಮಾಡಿಸುವ ವಿಝಾರ್ಡ್ ಸಿಗುವಂತಿರಲಿಲ್ಲವಾದ್ದರಿಂದ, ಡಿಲಿಮಿಟರ್ (ಕಾಲಂಗಳನ್ನು ಬೇರ್ಪಡಿಸುವ ಚಿಹ್ನೆ), ಹೆಡರ್ (ಕಾಲಂ ಹೆಸರುಗಳ ಸಾಲು), ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ), ಖಾಲಿ ಮೌಲ್ಯ ಎಲ್ಲವನ್ನೂ ಬರೆದೇ ತಿಳಿಸಬೇಕಿತ್ತು.

ಮೊದಲನೆಯದಾದ ಕಾಪಿ ಆದೇಶವು ಕಡತವನ್ನು ಪೋಸ್ಟ್‌ಗ್ರೆಸ್ ನಡೆಯುವ ಸರ್ವರ್‌ನಲ್ಲೇ ಹುಡುಕುತ್ತದೆ, ಮತ್ತು ಅದಕ್ಕೆ ಸೂಪರ್‌ಯೂಸರ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಅಥವಾ ಸರ್ವರ್‌ನ ಕಡತಗಳನ್ನು ಓದುವ ವಿಶೇಷ ಅಧಿಕಾರ ಬೇಕು. ಒಂದು ಪಟ್ಟಿಗಾಗಿ ಅಷ್ಟು ಅಧಿಕಾರ ಕೇಳುವುದು ಸರಿಯೆನಿಸದೆ ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು, ಪೋಸ್ಟ್‌ಗ್ರೆಸ್‌ನ ಟರ್ಮಿನಲ್ ತಂತ್ರಾಂಶವಾದ ಪಿಎಸ್‌ಕ್ಯೂಎಲ್‌ನ ಬ್ಯಾಕ್‌ಸ್ಲ್ಯಾಷ್ ಕಾಪಿ (\copy), ಅದೇ ಆಯ್ಕೆಗಳನ್ನು ಒಪ್ಪಿಕೊಂಡು, ಕಡತವನ್ನು ಮಾತ್ರ ನಮ್ಮ ಕಂಪ್ಯೂಟರಿನಿಂದ ಓದುತ್ತದೆ. ಇಡೀ ಆದೇಶ ಒಂದೇ ಸಾಲಿನಲ್ಲಿರಬೇಕೆಂಬುದು ಕಿರಿಕಿರಿಯೇ ಸರಿ. ಆದರೂ ಅದನ್ನು ಸ್ಕ್ರಿಪ್ಟ್ ಕಡತದಲ್ಲಿಟ್ಟುಕೊಂಡರೆ ಮುಂದಿನ ಸಲ ಏನನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ. ನನಗೆ ಪೆಟ್ಟು ಬಿದ್ದದ್ದು ದಿನಾಂಕದಲ್ಲಿ. ದಿನಾಂಕ ಓದುವ ಕ್ರಮವನ್ನು ಹೇಳುವ ಡೇಟ್‌ಸ್ಟೈಲ್ 'ಎಂಡಿವೈ' (ತಿಂಗಳು-ದಿನ-ವರ್ಷ) ಎಂದಿದ್ದಾಗ 25/06/2019 ಎಂಬ ಸಾಲು ದೋಷ ತೋರಿಸಿ ನಿಲ್ಲುತ್ತದೆ, ಆದರೆ ನಾವು ಜೂನ್ 5 ಎಂದು ಬರೆದ 05/06/2019 ಸದ್ದಿಲ್ಲದೆ ಮೇ 6 ಆಗಿ ಒಳಸೇರುತ್ತದೆ. ಪರೀಕ್ಷೆಗೆಂದು ನಾನು ತೆಗೆದುಕೊಂಡಿದ್ದ ಮೊದಲ ಹತ್ತು ಸಾಲುಗಳೆಲ್ಲ ತಿಂಗಳ ಆರಂಭದವೇ ಆಗಿದ್ದರಿಂದ ತಪ್ಪು ಕಾಣಲೇ ಇಲ್ಲ. ಈಗ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಡೇಟ್‌ಸ್ಟೈಲನ್ನು 'ಡಿಎಂವೈ' (ದಿನ-ತಿಂಗಳು-ವರ್ಷ) ಎಂದು ನಿಗದಿಪಡಿಸುತ್ತೇನೆ.

ಮೂರನೆಯದಾದ, ಪೋಸ್ಟ್‌ಗ್ರೆಸ್‌ಗೆ ದತ್ತಾಂಶ ತುಂಬಿಸಲೆಂದೇ ಇರುವ ಪಿಜಿಲೋಡರ್ ಎಂಬ ತಂತ್ರಾಂಶದಲ್ಲಿ ದಿನಾಂಕದ ವಿನ್ಯಾಸವನ್ನೂ ಖಾಲಿ ಮೌಲ್ಯದ ಅರ್ಥವನ್ನೂ ಒಂದೊಂದು ಕಾಲಂಗೆ ಬೇರೆಬೇರೆಯಾಗಿ ಬರೆಯಬಹುದು. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಕೆಟ್ಟ ಸಾಲುಗಳನ್ನು ಅದು ಒಂದು ಕಡತದಲ್ಲೂ ಅವುಗಳ ಕಾರಣವನ್ನು ಇನ್ನೊಂದರಲ್ಲೂ ತೆಗೆದಿಟ್ಟು ಉಳಿದುದನ್ನು ತುಂಬಿಸುತ್ತದೆ. ಕಾಪಿಯಲ್ಲಾದರೆ ಒಂದು ಕೆಟ್ಟ ಸಾಲಿಗೆ ಇಡೀ ಕೆಲಸ ರದ್ದು. ಪೋಸ್ಟ್‌ಗ್ರೆಸ್ 17ರಲ್ಲಿ ಬಂದ ಆನ್‌ಎರರ್ ಆಯ್ಕೆ ಇಂಥ ಸಾಲನ್ನು ದಾಟಿಹೋಗುತ್ತದೆಯೇ ಹೊರತು ಎತ್ತಿಡುವುದಿಲ್ಲ. ಹಲವರು ಹಲವು ರೀತಿ ಟೈಪ್ ಮಾಡಿದ ಹಳೆಯ ಪಟ್ಟಿಗೆ ಪಿಜಿಲೋಡರೇ ಸೂಕ್ತ, ಪ್ರತಿ ತಿಂಗಳು ಒಂದೇ ರೂಪದಲ್ಲಿ ಬರುವ ಕಡತಕ್ಕೆ ಬ್ಯಾಕ್‌ಸ್ಲ್ಯಾಷ್ ಕಾಪಿ ಸಾಕು ಎಂಬುದು ನನ್ನ ತೀರ್ಮಾನ.

ರಫ್ತಿಗೆ ಪಿಜಿಲೋಡರ್ ಒದಗುವುದಿಲ್ಲ. ಬ್ಯಾಕ್‌ಸ್ಲ್ಯಾಷ್ ಕಾಪಿ ಬರೆದ ಯುಟಿಎಫ್-8 ಎನ್‌ಕೋಡಿಂಗ್‌ನ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಶೀರ್ಷಿಕೆಗಳು ಗೋಜಲಾಗಿ ಕಂಡವು. ಕಡತದ ಮೊದಲಿಗೆ ಮೂರು ಬೈಟಿನ ಬಿಒಎಂ ಗುರುತು (ಕಡತ ಯುಟಿಎಫ್-8 ಎಂದು ಎಕ್ಸೆಲ್‌ಗೆ ತಿಳಿಸುವಂಥದ್ದು) ಸೇರಿಸಿದ ಮೇಲೆ ಸರಿಹೋಯಿತು. ಅದೇ ಕಡತ ತಿದ್ದುಪಡಿಯಾಗಿ ಮರಳಿ ಬಂದಾಗ, ಕಾಲಂ ಹೆಸರುಗಳನ್ನು ತಾಳೆ ನೋಡುವ ಹೆಡರ್ ಮ್ಯಾಚ್ ಆಯ್ಕೆ ಆ ಗುರುತನ್ನೂ ಹೆಸರಿನ ಭಾಗವೆಂದೇ ಓದಿ ಕಡತವನ್ನು ತಿರಸ್ಕರಿಸುತ್ತದೆ, ಆದ್ದರಿಂದ ಆಮದಿಗೆ ಮುನ್ನ ಅದನ್ನು ತೆಗೆಯುವ ಸಾಲೊಂದು ನನ್ನ ಸ್ಕ್ರಿಪ್ಟಿನಲ್ಲಿದೆ.